ರಿವರ್ಸ್ ಹಾಕಿದ್ರ ಟ್ರೇಲರ್ ಬ್ರೇಕ್ ಯಾಕ ಹಿಡಿತದ?

ಕಾಗಿಣಾ ತುಂಬಿದ್ರ ಮಳಖೇಡದ ಸೇತುವೆ ಮುಳುಗೋದು ಸೇಡಂ ಮಂದಿಗೆ ಹೊಸದಲ್ಲ. ಅಂಥ ಹೊತ್ತಿನಲ್ಲಿ ಟ್ರೇಲರ್ ಮೇಲಿನ ದೋಣಿ ನೀರಿಗಿಳಿಸಬೇಕಂದ್ರ ರಿವರ್ಸೇ ಹೋಗಬೇಕು. ಅಲ್ಲೇ ಟ್ರೇಲರ್ ಚಕ್ರ ಜಾಮ್ ಆದ್ರ?

ಬಹಳ ದೋಣಿ ಟ್ರೇಲರ್‌ಗಳಿಗೆ ಓವರ್‌ರನ್ ಬ್ರೇಕ್ ಇರುತ್ತದೆ. ಮುಂದಿನ ಗಾಡಿ ನಿಧಾನವಾದಾಗ ಹಿಂದಿನ ಭಾರ ಮುಂದಕ್ಕೆ ನೂಕಿ ಕೊಂಡಿ ಒಳಗೆ ಒತ್ತಿಕೊಳ್ಳುತ್ತದೆ. ಆ ಒತ್ತಡವೇ ಬ್ರೇಕ್ ಹಾಕುತ್ತದೆ. ರಿವರ್ಸ್‌ನಲ್ಲೂ ಕೊಂಡಿ ಹಂಗೇ ಒತ್ತಿಕೊಳ್ಳುತ್ತದೆ. ಬ್ರೇಕಿಗೆ ಈ ಎರಡರ ಫರಕ್ ತಿಳಿಯೋದಿಲ್ಲ. ಅದಕ್ಕಾಗಿಯೇ ರಿವರ್ಸ್ ಲಾಕ್ ಇರೋದು.

ನಾನು ಹೇಳೋ ಕ್ರಮ ಹಿಂಗದ. ಮೊದಲು ಸಮ ನೆಲದಲ್ಲಿ ಗಾಡಿ ಅರ್ಧ ಅಡಿ ಮುಂದಕ್ಕೆ ಎಳೀರಿ, ಕೊಂಡಿ ಸಡಿಲಾಗ್ತದ. ಕೈಯಿಂದ ಹಾಕೋ ಪಿನ್ ಇದ್ರ ಈಗ ಹಾಕ್ರಿ. ಕರೆಂಟಿನ ಲಾಕ್ ಇದ್ರ ಅದಕ್ಕೆ ರಿವರ್ಸ್ ಲೈಟಿನ ವೈರಿನಿಂದ 12 ವೋಲ್ಟ್ ಬರಬೇಕು. ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಾವಿ ಆನ್ ಮಾಡಿ ರಿವರ್ಸ್ ಗೇರ್ ಹಾಕ್ರಿ. ಕೊಂಡಿ ಹತ್ತಿರ 'ಟಕ್' ಅನ್ನದಿದ್ರ ಫ್ಯೂಸ್, ಪ್ಲಗ್, ತುಕ್ಕು ಹಿಡಿದ ಅರ್ಥಿಂಗ್ ನೋಡ್ರಿ. 'ಟಕ್' ಅಂದರೂ ಚಕ್ರ ಹಿಡಿದ್ರ, ಕೊಂಡಿ ಒಳಗೇ ಸಿಕ್ಕಿಕೊಂಡಿರಬಹುದು, ಇಲ್ಲಾ ಬ್ರೇಕ್ ಶೂ ಅಂಟಿರಬಹುದು. ಆಗ ಮೆಕ್ಯಾನಿಕ್‌ಗೆ ತೋರಿಸ್ರಿ.

ಒಂದು ಮಾತು ಮರೀಬ್ಯಾಡ್ರಿ. ಮುಂದಕ್ಕೆ ಹೊರಡುವ ಮೊದಲು ಪಿನ್ ತೆಗೀರಿ. ಪಿನ್ ಉಳಿದ್ರ ಟ್ರೇಲರ್‌ಗೆ ಬ್ರೇಕೇ ಇಲ್ಲ. ಕೊಂಚಾವರಂ ಕಡೆಯ ಇಳಿಜಾರಿನಲ್ಲಿ ಅಷ್ಟೂ ಭಾರ ನಿಮ್ಮ ಗಾಡಿಯನ್ನೇ ನೂಕ್ತದ. ರಿವರ್ಸ್ ಕಿರಿಕಿರಿ ಅಂತ ಬ್ರೇಕ್ ಪೈಪ್ ಕಳಚಿಸಿದರೂ ಅದೇ ಗತಿ.