ಶಾಕ್ ಉದ್ದವಾದರೆ ಜೀಪು ಎತ್ತರವಾಗದು

ಜಯನಗರದ ಕಡೆಯಿಂದ ಸೌತ್ ಎಂಡ್ ದಾಟಿ ಮಿನರ್ವ ವೃತ್ತ ಹಾದರೆ ಸಿಗುವುದೇ ಜೆ.ಸಿ. ರಸ್ತೆ, ಬೆಂಗಳೂರಿನ ವಾಹನ ಬಿಡಿಭಾಗಗಳ ಹಳೆಯ ಪೇಟೆ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆಯ ಫೋರ್ ವೀಲ್ ಡ್ರೈವ್ ಮಾಲೀಕರಲ್ಲಿ ಅನೇಕರು ಒಂದಲ್ಲ ಒಂದು ದಿನ ಇಲ್ಲಿಗೆ ಬರುತ್ತಾರೆ. ಗಾಡಿಯನ್ನು ಎಲ್ಲೋ ಎತ್ತರಿಸಿ ಆಗಿರುತ್ತದೆ. ಆಗ ಹಾಕಿಸಿದ ಶಾಕ್ ಅಬ್ಸಾರ್ಬರ್ ಈಗ ಎಣ್ಣೆ ಸುರಿಸುತ್ತಿರುತ್ತದೆ. ಬದಲಿ ಬೇಕು. ಮಾತು ಶುರುವಾಗುವುದು ಹೀಗೆ: “ಅಣ್ಣಾ, ಥಾರ್‌ಗೆ ಎರಡಿಂಚಿನ ಶಾಕ್ ಇದ್ಯಾ?” ಪಳಗಿದ ಅಂಗಡಿಯವನಾದರೆ ಪೆಟ್ಟಿಗೆ ಇಳಿಸುವ ಮೊದಲು ಕೇಳುತ್ತಾನೆ: “ಯಾವ ಥಾರ್ ಸಾರ್? ಓಪನ್ ಎಷ್ಟು, ಕ್ಲೋಸ್ ಎಷ್ಟು?” ಗಿರಾಕಿ ತಲೆ ಕೆರೆದುಕೊಳ್ಳುತ್ತಾನೆ.

ಗಾಡಿಯ ಹೆಸರು ಹೇಳಿದರೆ ಶಾಕ್ ಸಿಕ್ಕೇ ಸಿಗುತ್ತದೆ ಎಂಬುದು ಮೊದಲನೆಯ ತಪ್ಪು ತಿಳಿವಳಿಕೆ. 2010ರಲ್ಲಿ ಬಂದ ಥಾರ್‌ನಲ್ಲೇ ಎರಡು ಬಗೆ. ಡಿಐ ಮಾದರಿಗೆ ಮುಂದೆ ಹಿಂದೆ ಎರಡೂ ಕಡೆ ಕಮಾನು ಪಟ್ಟಿ. ಸಿಆರ್‌ಡಿಇ ಮಾದರಿಗೆ ಹಿಂದೆ ಕಮಾನು, ಮುಂದೆ ಟಾರ್ಷನ್ ಬಾರ್. 2020ರ ಥಾರ್‌ನಲ್ಲಿ ಕಮಾನು ಪೂರ್ತಿ ಹೋಯಿತು. ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. 2024ರ ಥಾರ್ ರಾಕ್ಸ್‌ನ ಶಾಕ್‌ಗಳು ಕಂಪನದ ವೇಗಕ್ಕೆ ತಕ್ಕಂತೆ ಬಿಗುವು ಬದಲಿಸುವ ಬೇರೆಯದೇ ಜಾತಿ. ಹೆಸರು ಒಂದೇ, ಒಳಗಿನ ಸಂಸಾರ ನಾಲ್ಕು. ಇವುಗಳಲ್ಲಿ ಯಾವುದನ್ನಾದರೂ ಎತ್ತರಿಸಿದ ಮೇಲೆ ಕಂಪನಿಯ ಪಾರ್ಟ್ ನಂಬರ್ ಕೂಡ ಪೂರ್ತಿ ನೆರವಿಗೆ ಬರುವುದಿಲ್ಲ, ಏಕೆಂದರೆ ಆ ನಂಬರು ಕಾರ್ಖಾನೆಯಿಂದ ಹೊರಟ ಎತ್ತರಕ್ಕೆ ಬರೆದದ್ದು.

ವಿದೇಶಿ ಬ್ರ್ಯಾಂಡ್ ತರಿಸಿದರೆ ಈ ತಾಪತ್ರಯ ಇಲ್ಲ ಎನ್ನುವವರೂ ಇದ್ದಾರೆ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಜರ್ಮನಿಯ ಬಿಲ್‌ಸ್ಟೈನ್ ಒಳ್ಳೆಯ ಸರಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹೊರದೇಶದ ಪಟ್ಟಿಯಲ್ಲಿ ‘ಜಿಮ್ನಿ’ ಎಂದರೆ ಹೆಚ್ಚಾಗಿ 2018ರ ಮೂರು ಬಾಗಿಲಿನ ಗಾಡಿ. 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ ಅದಕ್ಕಿಂತ 340 ಮಿ.ಮೀ. ಹೆಚ್ಚು, ತೂಕವೂ ಜಾಸ್ತಿ. ತೂಕ ಬದಲಾದರೆ ಸ್ಪ್ರಿಂಗ್ ಬದಲಾಗಬೇಕು, ಸ್ಪ್ರಿಂಗ್ ಬದಲಾದರೆ ಶಾಕ್‌ನ ಬಿಗುವೂ. ಹಾಗೆಯೇ 1985ರಲ್ಲಿ ಇಲ್ಲಿಗೆ ಬಂದ ಜಿಪ್ಸಿ ಉದ್ದ ವೀಲ್‌ಬೇಸಿನದು, 2,375 ಮಿ.ಮೀ. ಅಮೆರಿಕದವರು ಸಮುರಾಯ್ ಎಂದು ಕರೆಯುವ ಅದರ ದಾಯಾದಿ ಗಿಡ್ಡ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ದುಡ್ಡು ಎಣಿಸುವವರಿಗೆ ಇದೆಲ್ಲ ತಿಳಿಯುವುದು ಬೋಲ್ಟ್ ಹಾಕುವ ಹೊತ್ತಿಗೆ.

ಇನ್ನು ‘ಎರಡಿಂಚಿನ ಶಾಕ್’. ಉದ್ದ ಶಾಕ್ ಹಾಕಿದರೆ ಗಾಡಿ ಏಳುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ ಮೆಕ್ಯಾನಿಕ್‌ಗಳಲ್ಲೂ ಕೆಲವರು ಹಾಗೇ ಹೇಳುತ್ತಾರೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಎತ್ತರ ಕೊಡುವುದೂ ಸ್ಪ್ರಿಂಗ್. ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುವುದಷ್ಟೇ ಶಾಕ್‌ನ ಕೆಲಸ. ಕಚೇರಿಯ ಗಾಜಿನ ಬಾಗಿಲಿಗೆ ಹಾಕುವ ಡೋರ್ ಕ್ಲೋಸರ್‌ನಲ್ಲಿ ಬಾಗಿಲು ಮುಚ್ಚುವುದು ಸ್ಪ್ರಿಂಗ್, ಅದು ಧಡಾರನೆ ಬಡಿಯದಂತೆ ತಡೆಯುವುದು ಎಣ್ಣೆ, ಇಲ್ಲಿಯೂ ಹಾಗೆಯೇ. ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ದಾಟಿಸುವಾಗ ಕುಣಿತದ ಶಕ್ತಿ ಶಾಖವಾಗುತ್ತದೆ. ಕನಕಪುರ ರಸ್ತೆ ಹಿಡಿದು ಸಂಗಮದ ಕಡೆ ಒರಟು ದಾರಿ ಸುತ್ತಿ ಬಂದವರು ಇಳಿದ ಕೂಡಲೇ ನಾಲ್ಕೂ ಶಾಕ್‌ಗಳ ಹತ್ತಿರ ಜಾಗ್ರತೆಯಿಂದ ಕೈ ಒಡ್ಡಿ ನೋಡಬಹುದು. ಬಿಸಿಯಾಗಿದ್ದರೆ ಅದು ದುಡಿದಿದೆ. ಮೂರು ಬಿಸಿ, ಒಂದು ತಣ್ಣಗಿದ್ದರೆ ಆ ಒಂದರ ಮೇಲೆ ಅನುಮಾನ ಪಡಬೇಕು.

ಗ್ಯಾಸ್ ಶಾಕ್ ಗಾಡಿಯನ್ನು ಎತ್ತುತ್ತದೆ ಎಂಬ ಮಾತಿನಲ್ಲಿ ಒಂದು ಚಿಟಿಕೆ ನಿಜವಿದೆ. ಮಾನೋಟ್ಯೂಬ್ ಬಗೆಯ ಶಾಕ್‌ನಲ್ಲಿ ನೈಟ್ರೋಜನ್ ಒತ್ತಡ 20ರಿಂದ 30 ಬಾರ್ ಇರುತ್ತದೆ. 25 ಬಾರ್ ಒತ್ತಡದಲ್ಲಿ 14 ಮಿ.ಮೀ. ದಪ್ಪದ ರಾಡಿನ ಮೇಲೆ ಲೆಕ್ಕ ಹಾಕಿದರೆ ಹೊರತಳ್ಳುವ ಬಲ 40 ಕೆ.ಜಿ.ಯ ಆಸುಪಾಸು. ಒಂದೂವರೆ ಟನ್ನಿನ ಗಾಡಿಗೆ ಅದು ಕೆಲವು ಮಿಲಿಮೀಟರಿನ ಮಾತು. ಗ್ಯಾಸ್ ತುಂಬುವುದು ಎತ್ತರಕ್ಕಲ್ಲ, ಎಣ್ಣೆ ನೊರೆಯಾಗದಿರಲಿ ಎಂದು. ನೊರೆಯಾದ ಎಣ್ಣೆ ರಂಧ್ರದಲ್ಲಿ ಸಲೀಸಾಗಿ ನುಗ್ಗುತ್ತದೆ, ಶಾಕ್ ಇದ್ದೂ ಇಲ್ಲದಂತಾಗುತ್ತದೆ.

ಹಾಗಾದರೆ ಅಂಗಡಿಯವನು ಕೇಳಿದ ಓಪನ್, ಕ್ಲೋಸ್ ಏನು? ಪೂರ್ತಿ ಎಳೆದಾಗ ಶಾಕ್‌ನ ಉದ್ದ ಓಪನ್, ಪೂರ್ತಿ ಒತ್ತಿದಾಗ ಕ್ಲೋಸ್. ಎತ್ತರಿಸಿದ ಗಾಡಿಗೆ ಶಾಕ್ ಹುಡುಕುವವರಿಗೆ ಬ್ರ್ಯಾಂಡಿಗಿಂತ ಈ ಎರಡು ಅಂಕಿ ಮುಖ್ಯ. ಅಳೆಯಲು ಟೇಪು, ಜಾಕು, ಭದ್ರವಾದ ಸ್ಟ್ಯಾಂಡು, ಒಂದು ಬೆಳಗಿನ ಬಿಡುವು ಸಾಕು.

ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ ಶಾಕ್‌ನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಅಳೆಯಬೇಕು. ಉದಾಹರಣೆಗೆ ಹಿಂದಿನ ಕಮಾನಿನ ಜಾಗದಲ್ಲಿ 18 ಇಂಚು ಬಂತು ಎನ್ನೋಣ. ಆಕ್ಸಲ್ ಮೇಲೆದ್ದಾಗ ಬಡಿಯುವ ರಬ್ಬರ್ ಬಂಪ್ ಸ್ಟಾಪಿಗೂ ಆಕ್ಸಲಿಗೂ ನಡುವಿನ ಸಂದು ಮೂರೂವರೆ ಇಂಚು, ಆ ರಬ್ಬರು ಅಮುಕಿಕೊಳ್ಳುವುದು ಅರ್ಧ ಇಂಚು, ಒಟ್ಟು ನಾಲ್ಕು. ಅಂದರೆ ಶಾಕ್ 14 ಇಂಚಿಗೆ ಮುದುಡಲೇಬೇಕು. ಅರ್ಧ ಇಂಚು ಸಲಿಗೆ ಬಿಟ್ಟರೆ ಕ್ಲೋಸ್ ಅಳತೆ ಹದಿಮೂರೂವರೆ. ಈಗ ಹಳೆಯ ಶಾಕ್ ಬಿಚ್ಚಿ, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತಿಲ್ಲ ಎಂದು ನೋಡಿಕೊಂಡು ಆಕ್ಸಲನ್ನು ಇಳಿಬಿಡಬೇಕು. ಬೋಲ್ಟುಗಳ ನಡುವೆ 22 ಇಂಚು ಬಂದರೆ ಓಪನ್ ಅಳತೆ ಇಪ್ಪತ್ತೆರಡೂವರೆ. ಜೆ.ಸಿ. ರಸ್ತೆಯಲ್ಲಿ ಹೇಳಬೇಕಾದ್ದು ಇಷ್ಟು: ಕ್ಲೋಸ್ ಹದಿಮೂರೂವರೆ, ಓಪನ್ ಇಪ್ಪತ್ತೆರಡೂವರೆ, ಮೇಲೆ ಕೆಳಗೆ ಬುಶ್ ಕೂರುವ ಬಳೆಯೋ ಅಥವಾ ನಟ್ ಬಿಗಿಯುವ ಕಡ್ಡಿಯೋ, ಬೋಲ್ಟಿನ ದಪ್ಪ ಎಷ್ಟು. ಮುಂದಿನ ಜೋಡಿಗೆ ಬೇರೆ ಅಳತೆ. ಹಿಂದಿನದನ್ನೇ ಮುಂದಕ್ಕೂ ಹೇಳುವಂತಿಲ್ಲ.

ಎರಡರಲ್ಲಿ ಯಾವುದು ತಪ್ಪಿದರೂ ಪೆಟ್ಟು ಬೀಳುತ್ತದೆ. ಓಪನ್ ಅಳತೆ ಕಡಿಮೆಯಾದರೆ, ಎಂದರೆ ಎತ್ತರಿಸಿದ ಮೇಲೂ ಹಳೆಯ ಉದ್ದದ ಶಾಕ್ ಉಳಿಸಿಕೊಂಡರೆ, ಅದು ನಿಂತಲ್ಲೇ ಮುಕ್ಕಾಲು ಎಳೆದುಕೊಂಡಿರುತ್ತದೆ. ಪ್ರತಿ ಹಂಪ್ ಇಳಿಯುವಾಗ ‘ಟಕ್’ ಎನ್ನುತ್ತದೆ, ಆಕ್ಸಲಿನ ಭಾರವೆಲ್ಲ ಶಾಕ್‌ನ ರಾಡಿಗೆ ಜೋತುಬೀಳುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಂತೆ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಬಡಾವಣೆಯ ಒಳರಸ್ತೆಗಳಲ್ಲಿ ಆ ಅಳತೆಯ ಉಬ್ಬು ಕಂಡವರು ಪುಣ್ಯವಂತರು. ಕ್ಲೋಸ್ ಅಳತೆ ಹೆಚ್ಚಾದರೆ ಇನ್ನೂ ಕೆಡುಕು. ರಬ್ಬರ್ ಬಂಪ್ ಸ್ಟಾಪಿಗಿಂತ ಮೊದಲು ಶಾಕ್‌ನ ತಳವೇ ಬಡಿದು ಸೀಲು ಹೋಗುತ್ತದೆ, ರಾಡು ಬಾಗುತ್ತದೆ, ಕೆಲವೊಮ್ಮೆ ಚಾಸಿಯ ಬ್ರಾಕೆಟ್ಟೇ ಕಿತ್ತು ಬರುತ್ತದೆ. ಎಣ್ಣೆ ಸುರಿಸುವ ಶಾಕ್‌ನ ಕಂಪನಿಯನ್ನು ಬೈಯುವ ಮೊದಲು ಈ ಅಳತೆ ನೋಡುವುದು ನ್ಯಾಯ.

ಸರಿಯಾದ ಉದ್ದ ಸಿಗದಿದ್ದರೆ? ಶಾಕ್‌ನ ಆಸರೆಯನ್ನೇ ಎತ್ತರಿಸಿದಷ್ಟು ಸರಿಸುವ ಗಟ್ಟಿ ಬ್ರಾಕೆಟ್ ಹಾಕಿ ಕಂಪನಿ ಉದ್ದದ ಶಾಕ್ ಬಳಸುವುದು ಒಂದು ದಾರಿ. ಕಮಾನಿನ ಹಳೆಯ ಜೀಪುಗಳಿಗೆ ಇದು ಅಗ್ಗ, ತಪ್ಪೂ ಅಲ್ಲ. ಬೇರೆ ಗಾಡಿಯ ಶಾಕ್ ಉದ್ದಕ್ಕೆ ಹೊಂದಿತೆಂದು ಹಾಕುವಾಗ ಮಾತ್ರ ಆ ಗಾಡಿಯ ತೂಕವನ್ನೂ ಕೇಳಬೇಕು. ಭಾರಿ ಪಿಕಪ್ಪಿನ ಶಾಕ್ ಒಂದು ಟನ್ನಿನ ಜಿಪ್ಸಿಗೆ ಕೂತರೆ ಗಾಡಿ ಕಲ್ಲಿನಂತಾಗುತ್ತದೆ.

ಆ ಕಲ್ಲಿನಂಥ ಬಿಗುವನ್ನೇ ಕೆಲವರು ಗಟ್ಟಿತನ ಎಂದು ಮೆಚ್ಚುವುದುಂಟು. ಶಾಕ್ ಬಿಗಿಯಾದಷ್ಟೂ ಆಫ್‌ರೋಡಿಗೆ ಒಳ್ಳೆಯದು ಎಂಬುದು ಬಲು ದುಬಾರಿ ನಂಬಿಕೆ. ಮೇಲೆ ಚಿಮ್ಮುವುದನ್ನು ತಡೆಯುವ ಬಿಗುವು ಅತಿಯಾದರೆ ಒಂದು ಉಬ್ಬು ದಾಟಿ ಸ್ಪ್ರಿಂಗ್ ಮರಳಿ ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಸಾಲು ಪಟ್ಟೆಗಳ ಮೇಲೆ ಗಾಡಿ ಕುಸಿಯುತ್ತಾ ಕುಸಿಯುತ್ತಾ ಕೊನೆಗೆ ಬಂಪ್ ಸ್ಟಾಪಿನ ಮೇಲೇ ಓಡುತ್ತದೆ. ಕಮಾನು ಪಟ್ಟಿಯ ಎಲೆಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಒಂದಿಷ್ಟು ಕುಣಿತ ತಡೆಯುತ್ತವೆ. ಅದಕ್ಕೆ ಶಾಕ್ ಮೆದುವಿದ್ದರೂ ನಡೆಯುತ್ತದೆ. ಕಾಯಿಲ್ ಸ್ಪ್ರಿಂಗಿಗೆ ಆ ಘರ್ಷಣೆ ಇಲ್ಲ. ಸ್ಟೀಲ್ ಬಂಪರು, ವಿಂಚು, ತಲೆಯ ಮೇಲೆ ಟೆಂಟು ಹೊತ್ತ ಗಾಡಿಗೆ ಒಪ್ಪುವ ಜೋಡಿ, ವಾರವೆಲ್ಲ ಬಿಟಿಎಂನಿಂದ ಸಿಲ್ಕ್ ಬೋರ್ಡಿಗೆ ಒಬ್ಬರನ್ನೇ ಹೊತ್ತು ತೆವಳುವ ಗಾಡಿಗೆ ಒಪ್ಪದು.

ಮುಂದೆ ಡಬಲ್ ವಿಶ್‌ಬೋನ್ ಇರುವ ಗಾಡಿಗಳದು ಇನ್ನೊಂದು ಲೆಕ್ಕ. ಅಲ್ಲಿ ಶಾಕ್ ಕೂರುವುದು ತೋಳಿನ ನಡುವೆ, ಚಕ್ರ ಇರುವುದು ತುದಿಯಲ್ಲಿ. ಹಾಗಾಗಿ ಶಾಕ್‌ನ ತಲೆಗೆ ಒಂದು ಇಂಚಿನ ಸ್ಪೇಸರ್ ಇಟ್ಟರೆ ಚಕ್ರದ ಬಳಿ ಸುಮಾರು ಎರಡು ಇಂಚು ಏಳುತ್ತದೆ. ಪುಕ್ಕಟೆ ಲಾಭದಂತೆ ಕಾಣುತ್ತದೆ, ಆದರೆ ಚಕ್ರ ಮೊದಲಿಗಿಂತ ಕೆಳಕ್ಕೆ ಜೋತುಬಿದ್ದು ಡ್ರೈವ್ ಶಾಫ್ಟಿನ ಜಾಯಿಂಟು, ಬಾಲ್ ಜಾಯಿಂಟು ಮಿತಿ ಮೀರಿ ಬಾಗುತ್ತವೆ. ಅಂಥ ಗಾಡಿಗೆ ಉದ್ದ ಶಾಕ್ ಹುಡುಕಿದರೆ ಜೋತು ಇನ್ನೂ ಹೆಚ್ಚುತ್ತದೆ. ಅಲ್ಲಿ ಸ್ಪೇಸರ್ ಕಡಿಮೆ ಮಾಡುವುದೇ ಬುದ್ಧಿವಂತಿಕೆ. ಟಾರ್ಷನ್ ಬಾರ್ ಬಿಗಿದು ಎತ್ತರಿಸಿದ ಹಳೆಯ ಥಾರ್‌ಗೂ ಉದ್ದ ಶಾಕ್ ಬೇಡ: ಚಕ್ರದ ಒಟ್ಟು ಓಡಾಟ ಹೆಚ್ಚುವುದಿಲ್ಲ, ಕೆಳಗಿನ ಪಾಲು ಮೇಲಕ್ಕೆ ಹೋಗುತ್ತದೆ, ಅಷ್ಟೇ.

ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯಿತು ಎಂದು ಎಣಿಸುವ ಪರೀಕ್ಷೆ ಗಡುಸು ಸ್ಪ್ರಿಂಗಿನ ಎತ್ತರಿಸಿದ ಗಾಡಿಯ ಮೇಲೆ ಹೆಚ್ಚು ನಡೆಯದು. ರಾಡಿನ ಸುತ್ತ ತೆಳುವಾಗಿ ಎಣ್ಣೆ ಒರಸಿದಂತಿದ್ದರೆ ಗಾಬರಿ ಬೇಡ. ಧಾರೆ ಇಳಿದಿದ್ದರೆ ಆ ಆಕ್ಸಲಿನ ಜೋಡಿಯನ್ನೇ ಬದಲಿಸಬೇಕು. ‘ಕಟಕಟ’ ಸದ್ದೆಲ್ಲ ಶಾಕ್‌ನದೂ ಅಲ್ಲ. ಬುಶ್, ಸ್ಟೆಬಿಲೈಜರ್ ಲಿಂಕ್, ಬಾಲ್ ಜಾಯಿಂಟ್ ನೋಡದೆ ಶಾಕ್ ಕೊಂಡವರು ಅದೇ ಸದ್ದಿನೊಂದಿಗೆ ಮನೆಗೆ ಮರಳುತ್ತಾರೆ.

ರೀಕಂಡಿಷನ್ ಶಾಕ್ ಹೊಸದಕ್ಕೆ ಸಮ ಎಂಬ ಮಾತಿಗೆ ಉತ್ತರ ಶಾಕ್‌ನ ಬಗೆಯ ಮೇಲಿದೆ. ಬಿಚ್ಚಿ ಸೀಲು, ಎಣ್ಣೆ ಬದಲಿಸಿ ಮತ್ತೆ ಗ್ಯಾಸ್ ತುಂಬಲೆಂದೇ ಮಾಡಿದ ದುಬಾರಿ ಶಾಕ್‌ಗಳಿವೆ. ಅವನ್ನು ಸರ್ವಿಸ್ ಮಾಡಿಸುವುದೇ ಲೇಸು. ಕಾರ್ಖಾನೆಯಲ್ಲಿ ಶಾಶ್ವತವಾಗಿ ಮುಚ್ಚಿದ ಡಬ್ಬಿಯನ್ನು ಕೊಯ್ದು, ಎಣ್ಣೆ ಹೊಯ್ದು, ವೆಲ್ಡ್ ಹೊಡೆದು, ಕಪ್ಪು ಬಣ್ಣ ಬಳಿದದ್ದು ಬೇರೆ. ಅದರಲ್ಲಿ ಗ್ಯಾಸ್ ಇದೆಯೋ, ವಾಲ್ವು ಸವೆದಿದೆಯೋ ಹೊರಗಿನಿಂದ ತಿಳಿಯದು. ಎತ್ತರದ ಗಾಡಿಗೆ ಅದು ಬೇಡ.

ಮಳೆಗಾಲದಲ್ಲಿ ಸಿಲ್ಕ್ ಬೋರ್ಡ್ ಸುತ್ತ ನೀರು ನಿಂತಾಗ ಎತ್ತರದ ಗಾಡಿಯೇ ಪಾರು ಎಂದು ಎದೆಯುಬ್ಬಿಸುವವರಿಗೆ ಒಂದು ಮಾತು. ಸ್ಪ್ರಿಂಗಿನಿಂದ ಎತ್ತರಿಸಿದರೆ ಬಾಡಿ ಏಳುತ್ತದೆ, ಗಟ್ಟಿ ಆಕ್ಸಲಿನ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಕಂಪನಿಯಿಂದ ಬಂದ 2020ರ ಥಾರ್‌ಗೇ 650 ಮಿ.ಮೀ. ನೀರು ದಾಟುವ ಶಕ್ತಿಯಿದೆ.

ಕಾನೂನಿನ ವಿಷಯದಲ್ಲಂತೂ ‘ಎಲ್ಲರೂ ಮಾಡಿಸುತ್ತಾರೆ’ ಎಂಬುದು ಉತ್ತರವಲ್ಲ. ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ವಿಧಿಸುವ ಅವಕಾಶ ಬಂತು. ಸವೆದ ಶಾಕ್ ತೆಗೆದು ಅಂಥದ್ದೇ ಹೊಸದು ಹಾಕುವುದು ದುರಸ್ತಿ. ಗಾಡಿ ಎತ್ತರಿಸುವುದು ಬೇರೆ ಪ್ರಶ್ನೆ. ಅದನ್ನು ಆರ್‌ಟಿಒ ಮುಂದೆ, ವಿಮೆ ಕಂಪನಿಯ ಮುಂದೆ ಮೊದಲೇ ಇಡುವುದು ಒಳ್ಳೆಯದು.

ಅಳತೆ ಸರಿಯಾದ ಶಾಕ್ ಸಿಕ್ಕಿತು ಎಂದುಕೊಳ್ಳಿ. ಗ್ಯಾರೇಜಿನಲ್ಲಿ ಗಾಡಿ ಲಿಫ್ಟಿನ ಮೇಲಿರುವಾಗಲೇ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿಯಲು ಬಿಡಬೇಡಿ. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ಬುಶ್‌ನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟು ಕೂರಿಸಿ, ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಭಾರ ಬಿದ್ದ ಮೇಲೆ ಕೊನೆಯ ಬಿಗಿತ ಕೊಡಿಸಿ.