ಧ್ರುವ ಹೆಲಿಕಾಪ್ಟರು

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಎಂಬ ಕಾವಲುನೆಲೆಯ ಮೇಲೆ ಹಿಮರಾಶಿ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಅದರಡಿ ಹೂತುಹೋದರು. ಆ ನೆಲೆಯ ಎತ್ತರ ಸುಮಾರು 19,600 ಅಡಿ. ಆರು ದಿನಗಳ ಬಳಿಕ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತವಾಗಿ ದೊರೆತರು. ಅವರನ್ನು ಹೆಲಿಕಾಪ್ಟರಿನಲ್ಲಿ ಕೆಳಕ್ಕಿಳಿಸಿ, ಅಲ್ಲಿಂದ ವಿಮಾನದಲ್ಲಿ ದೆಹಲಿಯ ಸೈನ್ಯದ ಆಸ್ಪತ್ರೆಗೆ ಒಯ್ದರು. ವೈದ್ಯರ ಯತ್ನ ಫಲಿಸಲಿಲ್ಲ. ಫೆಬ್ರವರಿ 11ರಂದು ಅವರು ತೀರಿಕೊಂಡರು.

ರಸ್ತೆಯೂ ಇಲ್ಲದ, ವಿಮಾನ ಇಳಿಯಲು ಸಮತಟ್ಟಾದ ನೆಲವೂ ಇಲ್ಲದ ಆ ಎಡೆಗೆ ಮನುಷ್ಯನನ್ನು ಬೇಗನೆ ಮುಟ್ಟಿಸಬಲ್ಲ ವಾಹನ ಹೆಲಿಕಾಪ್ಟರು ಒಂದೇ. ಆದರೆ ಯಾವ ಎತ್ತರಕ್ಕಾಗಿ ಅದು ಬೇಕೋ, ಆ ಎತ್ತರವೇ ಅದರ ದೊಡ್ಡ ಶತ್ರು. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಹೆಲಿಕಾಪ್ಟರು ಹಾರುವ ಬಗೆಯನ್ನು ಮೊದಲು ಅರಿಯಬೇಕು.

ವಿಮಾನದ ರೆಕ್ಕೆ ಗಾಳಿಯನ್ನು ಸೀಳಿಕೊಂಡು ಮುಂದೆ ಸಾಗಿದರೆ ಮಾತ್ರ ವಿಮಾನವು ಮೇಲೇಳುತ್ತದೆ. ಆದುದರಿಂದಲೇ ಅದಕ್ಕೆ ಉದ್ದನೆಯ ಓಡುದಾರಿ ಬೇಕು. ಹೆಲಿಕಾಪ್ಟರಿನಲ್ಲಿಯಾದರೋ ದೇಹ ನಿಂತಲ್ಲೇ ನಿಂತಿದ್ದು, ರೆಕ್ಕೆಗಳಷ್ಟೇ ಸುತ್ತುತ್ತವೆ. ಈ ಸುತ್ತುವ ರೆಕ್ಕೆಗಳ ಚಕ್ರವೇ ರೋಟರು. ಒಂದೊಂದು ರೆಕ್ಕೆಯೂ ಒಂದೊಂದು ಅಲಗು. ಕಾವೇರಿಯಲ್ಲಿ ಈಜುವವನು ನೀರನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ಸಾಗುವಂತೆ, ಅಲಗುಗಳು ಗಾಳಿಯನ್ನು ಕೆಳಕ್ಕೆ ತಳ್ಳಿ ಹೆಲಿಕಾಪ್ಟರನ್ನು ಮೇಲಕ್ಕೆತ್ತುತ್ತವೆ. ರೋಟರು ಒಂದು ದಿಕ್ಕಿಗೆ ತಿರುಗಿದರೆ ದೇಹವು ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದೇ ಬಾಲದ ತುದಿಯಲ್ಲಿರುವ ಸಣ್ಣ ರೋಟರಿನ ಕೆಲಸ.

ಇನ್ನು ಚಾಲಕನು ಇದನ್ನು ಬೇಕಾದತ್ತ ನಡೆಸುವುದೆಂತು? ರೋಟರಿನ ಕಂಬದ ಸುತ್ತ ಒಂದರ ಮೇಲೊಂದು ಕೂಡಿಸಿದ ಎರಡು ತಟ್ಟೆಗಳಿವೆ. ಕೆಳಗಿನದು ಸುತ್ತುವುದಿಲ್ಲ, ಮೇಲಿನದು ರೋಟರಿನೊಡನೆ ಸುತ್ತುತ್ತದೆ. ಈ ಜೋಡಿಗೆ ಸ್ವಾಶ್‌ಪ್ಲೇಟ್ ಎಂದು ಹೆಸರು. ಮೇಲಿನ ತಟ್ಟೆಯಿಂದ ಒಂದೊಂದು ಅಲಗಿಗೂ ಒಂದೊಂದು ಸರಳು ಹೋಗುತ್ತದೆ. ಚಾಲಕನು ಜೋಡಿ ತಟ್ಟೆಯನ್ನು ಮೇಲೆತ್ತಿದರೆ ಎಲ್ಲ ಅಲಗುಗಳ ಓರೆಯೂ ಒಟ್ಟಿಗೆ ಹೆಚ್ಚಿ ಹೆಲಿಕಾಪ್ಟರು ಏರುತ್ತದೆ. ತಟ್ಟೆಯನ್ನು ಒಂದು ಕಡೆಗೆ ವಾಲಿಸಿದರೆ, ಪ್ರತಿಯೊಂದು ಅಲಗೂ ಸುತ್ತಿನ ಒಂದು ಭಾಗದಲ್ಲಿ ಹೆಚ್ಚು ಓರೆಯಾಗಿ, ಎದುರು ಭಾಗದಲ್ಲಿ ಕಡಿಮೆ ಓರೆಯಾಗುತ್ತದೆ. ಆಗ ರೋಟರು ವಾಲಿ, ಹೆಲಿಕಾಪ್ಟರು ಆ ಕಡೆಗೆ ಸಾಗುತ್ತದೆ. ಚಾಲಕನ ಕೈಯಿಂದ ರೋಟರಿಗೆ ಹೋಗುವ ಆಜ್ಞೆಯೆಲ್ಲ ಈ ತಟ್ಟೆಗಳ ಮೂಲಕವೇ ಹೋಗಬೇಕು. ಈ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಈಗ ಎತ್ತರದ ಮಾತಿಗೆ ಬರೋಣ. ಕೊಳ್ಳೇಗಾಲದ ಧನಗೆರೆಯ ಬಯಲಿನಲ್ಲಿ ನಾವು ಉಸಿರಾಡುವ ಗಾಳಿ ದಟ್ಟವಾದುದು. ಆರು ಸಾವಿರ ಮೀಟರು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು. ಅಲ್ಲಿ ಅಲಗುಗಳಿಗೆ ತಳ್ಳಲು ಗಾಳಿ ಸಾಲದು. ಎಂಜಿನ್ನಿಗೆ ಉರಿಸಲೂ ಗಾಳಿ ಸಾಲದು. ಬಯಲಿನಲ್ಲಿ ಹಲವರನ್ನು ಹೊತ್ತು ಲೀಲೆಯಿಂದ ಏರುವ ಯಂತ್ರವು ಅಲ್ಲಿ ಕೆಲವೇ ಹತ್ತಾರು ಕಿಲೋಗ್ರಾಂ ಸೀಮೆಎಣ್ಣೆಯನ್ನೋ ಔಷಧವನ್ನೋ ಹೊತ್ತು ಏದುಸಿರು ಬಿಡುವುದುಂಟು.

ಈ ಕಷ್ಟಕ್ಕೆ ಮೊದಲು ಒದಗಿದ್ದು ಚೀತಾ. ಭಾರತದ ಸೇನೆಯ ಬೇಡಿಕೆಯಂತೆ ಫ್ರಾನ್ಸಿನಲ್ಲಿ ಲಾಮಾ ಎಂಬ ಹೆಸರಿನಲ್ಲಿ ರೂಪುಗೊಂಡ ಇದನ್ನು ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ ಪರವಾನಗಿ ಪಡೆದು ಚೀತಾ ಎಂದು ತಯಾರಿಸಿತು. 1972ರ ಜೂನ್ 21ರಂದು ಜಾನ್ ಬುಲೆ ಎಂಬ ಫ್ರೆಂಚ್ ಚಾಲಕನು ಲಾಮಾವನ್ನು 12,442 ಮೀಟರು ಎತ್ತರಕ್ಕೆ ಒಯ್ದು ಜಾಗತಿಕ ದಾಖಲೆ ಸ್ಥಾಪಿಸಿದನು. ಅಷ್ಟರಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಆದರೂ ಆತ ಕ್ಷೇಮವಾಗಿ ನೆಲ ಮುಟ್ಟಿದನು. ತೆಂಗಿನ ಗರಿಯ ಗಿರಿಗಿಟ್ಟಲೆಯನ್ನು ಹಿಡಿದು ಓಡಿದರೆ ಗಾಳಿಗೆ ಅದು ತಾನಾಗಿ ತಿರುಗುವುದಲ್ಲವೆ? ಹಾಗೆಯೇ ಇಳಿಯುತ್ತಿರುವ ಹೆಲಿಕಾಪ್ಟರಿನ ರೋಟರನ್ನು ಕೆಳಗಿನಿಂದ ಬರುವ ಗಾಳಿಯೇ ತಿರುಗಿಸಿ, ಇಳಿತದ ವೇಗವನ್ನು ಹಿಡಿತದಲ್ಲಿಡುತ್ತದೆ.

ಚೀತಾ ಒಳ್ಳೆಯ ಯಂತ್ರ, ಆದರೆ ಚಿಕ್ಕದು, ಎಂಜಿನ್ ಒಂದೇ. ಸೇನೆಗೆ ನಾನಾ ಕೆಲಸಗಳಿಗೆ ಒದಗುವ, ಎರಡು ಎಂಜಿನ್ನುಗಳ, ಇನ್ನೂ ದೊಡ್ಡ ಹೆಲಿಕಾಪ್ಟರು ಬೇಕಾಗಿತ್ತು. 1984ರಲ್ಲಿ ಜರ್ಮನಿಯ ಒಂದು ಸಂಸ್ಥೆಯ ಸಹಕಾರದೊಡನೆ ಕೆಲಸ ಮೊದಲಾಗಿ, 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಧ್ರುವ ಮೊದಲ ಬಾರಿಗೆ ಹಾರಿತು. ಸೇನೆಯ ಕೈಸೇರಿದ್ದು 2002ರಲ್ಲಿ. ಹದಿನೆಂಟು ವರ್ಷ ದೀರ್ಘವೆಂದು ತೋರಬಹುದು. ರೋಟರನ್ನು ಹೊಸದಾಗಿ ಕಟ್ಟುವವರಿಗೆ ಅದು ದೀರ್ಘವಲ್ಲ.

ಧ್ರುವದ ಗರಿಷ್ಠ ತೂಕ 5,500 ಕಿಲೋಗ್ರಾಂ. ರೋಟರಿನ ಅಡ್ಡಳತೆ 13.2 ಮೀಟರು. ಹಳೆಯ ರೋಟರುಗಳಲ್ಲಿ ಅಲಗುಗಳು ಮೇಲೆ ಕೆಳಗೆ ಆಡುವಂತೆ ಬುಡದಲ್ಲಿ ಕೀಲುಗಳಿದ್ದವು. ಧ್ರುವದಲ್ಲಿ ಆ ಕೀಲುಗಳಿಲ್ಲ. ನಾರು ಮತ್ತು ರಾಳಗಳಿಂದ ಮಾಡಿದ ನಾಲ್ಕು ಅಲಗುಗಳ ಬುಡವೇ ಬಿದಿರಿನಂತೆ ಬಾಗಿ ಕೀಲಿನ ಕೆಲಸ ಮಾಡುತ್ತದೆ. ಇದರಿಂದ ಹೆಲಿಕಾಪ್ಟರು ಚಾಲಕನ ಕೈಗೆ ಚುರುಕಾಗಿ ಓಗೊಡುತ್ತದೆ. ಹಿಂಬದಿಯ ಇಕ್ಕೆಲದ ಬಾಗಿಲುಗಳನ್ನು ತೆರೆದು ಗಾಯಾಳುಗಳ ಡೋಲಿಯನ್ನು ನೇರವಾಗಿ ಒಳಗೆ ಸರಿಸಬಹುದು. ಫ್ರಾನ್ಸಿನ ಸಂಸ್ಥೆಯೊಂದರ ಜೊತೆಗೂಡಿ ರೂಪಿಸಿದ ಶಕ್ತಿ ಎಂಬ ಎಂಜಿನ್ ಬಂದ ಮೇಲೆ ಎತ್ತರದಲ್ಲಿ ಅದರ ಬಲ ಹೆಚ್ಚಿತು. 2013ರ ಜೂನಿನಲ್ಲಿ ಉತ್ತರಾಖಂಡದ ಪ್ರವಾಹದಲ್ಲಿ ಸಿಲುಕಿದ ಯಾತ್ರಿಕರನ್ನು ಪಾರುಮಾಡಿದ ಹೆಲಿಕಾಪ್ಟರುಗಳಲ್ಲಿ ಧ್ರುವಗಳೂ ಇದ್ದವು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧವನ್ನಷ್ಟೇ ಹೇಳಿದಂತಾಗುವುದು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವವೊಂದು ನೆಲಕ್ಕಪ್ಪಳಿಸಿ ಮೂವರು ಮಡಿದರು. ಮೇಲೆ ಹೇಳಿದ ಸ್ವಾಶ್‌ಪ್ಲೇಟ್ ಮುರಿದಿತ್ತೆಂದು ಆರಂಭದ ತನಿಖೆಯಲ್ಲಿ ಕಂಡುಬಂದಿತು. ಎಂಜಿನ್ ಎರಡಿದ್ದರೆ ಒಂದು ಕೆಟ್ಟಾಗ ಇನ್ನೊಂದು ಉಂಟು. ಆ ತಟ್ಟೆಗಾದರೋ ಬದಲಿಯಿಲ್ಲ. ದೇಶದ ಧ್ರುವಗಳನ್ನೆಲ್ಲ ನೆಲದ ಮೇಲೆ ನಿಲ್ಲಿಸಿದರು. ಪರೀಕ್ಷೆಗಳು ನಡೆದು, ಭೂಸೇನೆ ಮತ್ತು ವಾಯುಪಡೆಗಳ ಧ್ರುವಗಳು ಮತ್ತೆ ಹಾರಲು ಮೇ ತಿಂಗಳಾಯಿತು. ಅಷ್ಟು ದಿನ ಗಡಿಯ ನೆಲೆಗಳಿಗೆ ಸಾಮಗ್ರಿ ಒಯ್ಯುವ ಭಾರ ಬೇರೆ ಯಂತ್ರಗಳ ಮೇಲೆ ಬಿದ್ದಿತು.

ಚೀತಾದ ಕೆಲಸವನ್ನು ವಹಿಸಿಕೊಳ್ಳಲೆಂದು ಒಂದೇ ಎಂಜಿನ್ನಿನ, 3,150 ಕಿಲೋಗ್ರಾಂ ತೂಕದ ಮತ್ತೊಂದು ಹಗುರ ಹೆಲಿಕಾಪ್ಟರನ್ನು ಬೆಂಗಳೂರಿನಲ್ಲಿಯೇ ರೂಪಿಸಿದ್ದಾರೆ. 2016ರ ಸೆಪ್ಟೆಂಬರಿನಲ್ಲಿ ಅದು ಮೊದಲು ಹಾರಿತು. 2020ರ ಪರೀಕ್ಷೆಯಲ್ಲಿ ಸೋನಂ ನೆಲೆಯಲ್ಲಿಯೂ ಇಳಿದು ತೋರಿಸಿತು. ಅದನ್ನು ತಯಾರಿಸುವ ಕಾರ್ಖಾನೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು.