ಹಾರುವ ತಟ್ಟೆಯೂ ಸಾರ್ವಜನಿಕ ಉದ್ಯಾನವೂ

ಮಹಾಗಾಂವದ ಬಯಲಿನಲ್ಲಿ ಒಂದು ಸಂಜೆ ನಾವು ಫ್ರಿಸ್‌ಬಿ ಎಂಬ ಪ್ಲಾಸ್ಟಿಕ್ ತಟ್ಟೆಯನ್ನು ಎದೆಯ ಮುಂದಿನಿಂದ ಬಲಗೈ ಬೀಸಿ ಎಸೆದು ನೋಡಿದೆವು. ಬಹುದೂರ ನೇರವಾಗಿ ಸಾಗಿದ ತಟ್ಟೆಯು ವೇಗ ಕುಂದಿದೊಡನೆ ಪ್ರತಿಸಲವೂ ಎಡಕ್ಕೇ ಬಾಗಿ ಇಳಿಯಿತು. ಗಾಳಿಯಿಲ್ಲದ ಆ ಹೊತ್ತಿನಲ್ಲಿ ಅದು ಬಾಗಿದ್ದೇಕೆ? ಈ ಪ್ರಶ್ನೆಯ ಉತ್ತರದಲ್ಲಿಯೇ ಡಿಸ್ಕ್ ಗಾಲ್ಫ್ ಅಂಗಳವೊಂದರ ಗುಣದೋಷಗಳನ್ನು ಅಳೆಯುವ ಕೋಲು ಅಡಗಿದೆ.

ಗಾಲ್ಫಿನಲ್ಲಿ ಚೆಂಡನ್ನು ಹೊಡೆದು ಕುಳಿಗೆ ಸೇರಿಸುವಂತೆ, ಈ ಆಟದಲ್ಲಿ ತಟ್ಟೆಯನ್ನು ಕೈಯಿಂದೆಸೆದು ಸರಪಳಿಗಳು ಇಳಿಬಿದ್ದಿರುವ ಬುಟ್ಟಿಗೆ ಸೇರಿಸಬೇಕು. ಎಸೆತಗಳು ಕಡಿಮೆಯಾದಷ್ಟೂ ಮೇಲು. ಸರಪಳಿಗಳು ಅಲುಗಾಡಿ ತಟ್ಟೆಯ ಶಕ್ತಿಯನ್ನು ಹೀರಿಕೊಳ್ಳುವುದರಿಂದ ಅದು ಪುಟಿಯದೆ ಬುಟ್ಟಿಗೆ ಬೀಳುತ್ತದೆ. ೧೯೭೫ರಲ್ಲಿ ಎಡ್ ಹೆಡ್ರಿಕ್ ಎಂಬವರು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಇದರ ಮೊದಲ ಸ್ಥಿರ ಅಂಗಳವನ್ನು ರೂಪಿಸಿದರು. ಅದು ಎಲ್ಲರೂ ತಿರುಗಾಡುವ ಸಾರ್ವಜನಿಕ ಉದ್ಯಾನವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ತಟ್ಟೆಯ ಹಾರಾಟವನ್ನು ಪರಿಶೀಲಿಸೋಣ. ಅದು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಬುಗುರಿಯಂತೆ ಭ್ರಮಣವೇ ಅದಕ್ಕೆ ಸ್ಥಿರತೆ. ನಾವೆಸೆದ ತಟ್ಟೆ, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ವೇಗ ತಗ್ಗಿದಾಗ ಎತ್ತುಬಲದ ಕೇಂದ್ರ ಮುಂದಕ್ಕೆ ಸರಿದು ಮುಂದಂಚನ್ನು ಎತ್ತಲೆಳಸುತ್ತದೆ. ಆದರೆ ತಿರುಗುವ ವಸ್ತುವಿನಲ್ಲಿ ಈ ಪರಿಣಾಮ ಕಾಲು ಸುತ್ತು ಮುಂದೆ ಕಾಣಿಸಿಕೊಳ್ಳುವುದರಿಂದ ಬಲ ಅಂಚು ಮೇಲೇಳುತ್ತದೆ, ತಟ್ಟೆ ಎಡಕ್ಕೆ ವಾಲುತ್ತದೆ. ಎಡಗೈಯವರು ಹೀಗೆಯೇ ಎಸೆದರೆ ಅದು ಬಲಕ್ಕೆ ವಾಲುವುದು.

ಇದು ಬರಿಯ ಕುತೂಹಲದ ಸಂಗತಿಯಲ್ಲ. ೧೭೫ ಗ್ರಾಂ ತೂಕದ ತಟ್ಟೆ ಸೆಕೆಂಡಿಗೆ ೨೫ ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು ೫೫ ಜೂಲ್. ಅದೇ ವೇಗದ ಕ್ರಿಕೆಟ್ ಚೆಂಡಿನದು ಸುಮಾರು ೫೦. ಹಾರುತ್ತ ವೇಗ ತಗ್ಗುವುದು ನಿಜವಾದರೂ, ಅಂಥ ವಸ್ತುವೊಂದು ಹಾದಿಯಲ್ಲಿ ನಡೆಯುವ ಮುದುಕರ ಅಥವಾ ಮಕ್ಕಳ ತಲೆಗೆ ತಾಗಬಾರದು. ಹೆಚ್ಚಿನವರು ಬಲಗೈಯವರಾದ್ದರಿಂದ ಎಸೆತದ ಎಡಬದಿಯಲ್ಲಿ ಕಾಲುಹಾದಿಯಾಗಲಿ, ಕೂಡುವ ಬೆಂಚಾಗಲಿ, ಮುಂದಿನ ಎಸೆತದ ಕಟ್ಟೆಯಾಗಲಿ ಹತ್ತಿರವಿರಕೂಡದು. ಬಲಬದಿಗೂ ಸಾಕಷ್ಟು ತೆರವು ಬೇಕು.

ಎರಡನೆಯ ಪರೀಕ್ಷೆ ಎಸೆಯುವ ಕಟ್ಟೆಯದು. ಓಡಿಬಂದು ಎಸೆಯುವಾಗ ದೇಹವನ್ನು ತಡೆದು ನಿಲ್ಲಿಸುವುದು ಪಾದದಡಿಯ ಘರ್ಷಣೆ. ಕಲಬುರಗಿ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಜಾರುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಇಂಥಲ್ಲಿ ಅಂಗಳ ಮಾಡುವವರು ಎರೆಯನ್ನು ಅಗೆದು ತೆಗೆದು, ಗರಸು ತುಂಬಿ ಗಟ್ಟಿಸಿ, ಅದರ ಮೇಲೆ ಶಹಾಬಾದ ಕಲ್ಲಿನ ಚಪ್ಪಡಿಯನ್ನು ಒರಟು ಮುಖ ಮೇಲಾಗುವಂತೆ ಹಾಸಬೇಕು. ನಯಗೊಳಿಸಿದ ಕಲ್ಲು ನೀರು ಬಿದ್ದರೆ ಜಾರುತ್ತದೆ.

ಕತ್ತರಿಸಿದ ಹುಲ್ಲು, ಬಣ್ಣ ಬಳಿದ ಬುಟ್ಟಿಗಳು ಕಣ್ಣಿಗೆ ತಂಪು. ಆದರೆ ಅಂಗಳವನ್ನು ಅಳೆಯಬೇಕಾದುದು ಗುರಿ ಮುಟ್ಟಿದ ತಟ್ಟೆಯಿಂದಲ್ಲ, ಗುರಿ ತಪ್ಪಿದ ತಟ್ಟೆಯಿಂದ. ಅದು ಬಿದ್ದಲ್ಲಿ ಹುಲ್ಲು ಮಾತ್ರವಿದ್ದರೆ, ಆ ಉದ್ಯಾನ ಆಡುವವರದೂ ಹೌದು, ಆಡದವರದೂ ಹೌದು.